ನಿಮ್ಮದೇ ಅಂತ ಹೇಗೆ ಹೇಳ್ತೀರಿ?

“ಬಣ್ಣ ಯಾವುದು ಮೇಡಂ?”

“ಕಪ್ಪು.”

“ಎಲ್ಲಾ ಲ್ಯಾಪ್‌ಟಾಪೂ ಕಪ್ಪೇ ಇರ್ತವಲ್ಲ. ಬೇರೆ ಏನಾದ್ರೂ ಗುರುತು?”

ಮನೆ ಕಳವಾಗಿ ಪೊಲೀಸ್ ಠಾಣೆಯಲ್ಲಿ ದೂರು ಬರೆಸುತ್ತಿದ್ದೆ. ನಾಲ್ಕು ವರ್ಷ, ದಿನಕ್ಕೆ ಎಂಟು ಗಂಟೆ ಎದುರಿಗಿಟ್ಟುಕೊಂಡು ಕೂತಿದ್ದ ಯಂತ್ರ ಅದು. ಯಾವ ಗುಂಡಿಯನ್ನು ಸ್ವಲ್ಪ ಒತ್ತಿ ಹಿಡಿಯಬೇಕು, ಮುಚ್ಚಳವನ್ನು ಎಷ್ಟು ಓರೆ ಮಾಡಿದರೆ ಕಿರುಗುಟ್ಟುವುದಿಲ್ಲ ಅನ್ನುವುದೆಲ್ಲ ನನ್ನ ಬೆರಳಿಗೆ ಗೊತ್ತಿತ್ತು. ಬಾಯಿಗೆ ಬಂದದ್ದು ಮಾತ್ರ ‘ಕಪ್ಪು’ ಅನ್ನುವ ಒಂದೇ ಮಾತು. ಮಾಡೆಲ್ ಯಾವುದು ಅಂದರು. ಗೊತ್ತಿಲ್ಲ. ಸೀರಿಯಲ್ ನಂಬರ್ ಇದೆಯಾ ಅಂದರು. ನಾನು ಪಕ್ಕದಲ್ಲಿದ್ದ ನನ್ನ ಗಂಡನ ಮುಖ ನೋಡಿದೆ, ಇವರು ನನ್ನ ಮುಖ ನೋಡಿದರು. ಬರೆಯುತ್ತಿದ್ದವರು ಪೆನ್ನು ಎತ್ತಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ಕಾದರು. ಅವರ ಮುಖದಲ್ಲಿ ಬೇಸರವೇನೂ ಇರಲಿಲ್ಲ. ಈ ಮೌನವನ್ನು ಅವರು ನೂರಾರು ಸಲ ಕಂಡಿದ್ದಾರೆ ಅನ್ನುವುದು ಗೊತ್ತಾಗುತ್ತಿತ್ತು. ಆಮೇಲೆ ತಲೆ ಬಗ್ಗಿಸಿ ಬರೆದರು: ಕಪ್ಪು ಬಣ್ಣದ ಲ್ಯಾಪ್‌ಟಾಪ್ ಒಂದು, ಕ್ಯಾಮೆರಾ ಒಂದು, ಹಳೆಯ ಕೈಗಡಿಯಾರ ಒಂದು, ಉಂಗುರ ಒಂದು, ಸೈಕಲ್ ಒಂದು. ಓದಿ ಸಹಿ ಹಾಕಿ ಅಂತ ಕಾಗದ ನನ್ನ ಕಡೆ ತಿರುಗಿಸಿದರು. ಓದಿದೆ. ನಮ್ಮ ಮನೆಯ ಒಂದು ಸಾಮಾನೂ ಅದರಲ್ಲಿ ಇರಲಿಲ್ಲ. ಯಾರ ಮನೆಯದೂ ಆಗಬಹುದಾದ ಐದು ಸಾಮಾನುಗಳಿದ್ದವು, ಅಷ್ಟೆ.

ಬೀಗ ಒಡೆದದ್ದು, ಬೀರುವಿನ ಬಟ್ಟೆಯೆಲ್ಲ ನೆಲಕ್ಕೆ ಬಿದ್ದದ್ದು, ಮೂರು ದಿನ ನಿದ್ದೆ ಬಾರದೆ ಪ್ರತಿ ಸದ್ದಿಗೂ ಎದ್ದು ಕೂತದ್ದು, ಇವನ್ನು ವಿವರಿಸುವುದಿಲ್ಲ. ಕಳವಾದ ಮನೆಯವರಿಗೆಲ್ಲ ಅದು ಗೊತ್ತು, ಆಗದವರಿಗೆ ಹೇಳಿ ಹೆದರಿಸುವುದು ಯಾಕೆ. ನನ್ನನ್ನು ಇವತ್ತಿಗೂ ಕೊರೆಯುವುದು ಆ ‘ಕಪ್ಪು’. ಕಳ್ಳ ನನ್ನ ಸಾಮಾನು ಒಯ್ದದ್ದು ಒಂದು ಕಥೆ. ಅದು ನನ್ನದು ಅಂತ ಹೇಳುವುದಕ್ಕೆ ನನ್ನ ಹತ್ತಿರ ನಾಲ್ಕು ಮಾತೂ ಇರಲಿಲ್ಲ ಅನ್ನುವುದು ಇನ್ನೊಂದು ಕಥೆ, ಅದರಲ್ಲಿ ಕಳ್ಳನ ಪಾತ್ರವೇ ಇಲ್ಲ.

ಇನ್ನೂ ಒಂದು ತಮಾಷೆ ಇದೆ. ಇವರು ಒಂದು ಕಾಲದಲ್ಲಿ ಬಹಳ ಶಿಸ್ತಾಗಿ ಎಲ್ಲದರ ಬಿಲ್ಲು, ಡಬ್ಬಿಯ ಮೇಲಿನ ಚೀಟಿ, ವಾರಂಟಿ ಕಾರ್ಡು ಎಲ್ಲವನ್ನೂ ಫೋಟೊ ತೆಗೆದು ಒಂದು ಫೋಲ್ಡರಿನಲ್ಲಿ ಹಾಕಿಟ್ಟಿದ್ದರು. ಠಾಣೆಯಿಂದ ವಾಪಸು ಬರುವಾಗ ದಾರಿಯಲ್ಲಿ ಅದು ನೆನಪಾಗಿ ಗಾಡಿ ನಿಲ್ಲಿಸಿದರು. ನಾನು, “ಎಲ್ಲಿದೆ ಅದು?” ಅಂದೆ. ಇವರು ಉತ್ತರ ಹೇಳಲಿಲ್ಲ. ಗಾಡಿ ಮತ್ತೆ ಹೊರಟಿತು. ಫೋಲ್ಡರ್ ಇದ್ದದ್ದು ಕಳವಾದ ಆ ಕಪ್ಪು ಲ್ಯಾಪ್‌ಟಾಪಿನಲ್ಲೇ.

ಮೇಜಿನ ಮೇಲೆ ಎಂಟು ಗಡಿಯಾರ

ಐದು ತಿಂಗಳಾದ ಮೇಲೆ ಠಾಣೆಯಿಂದ ಫೋನು ಬಂತು. ಯಾರೋ ಸಿಕ್ಕಿದ್ದಾರೆ, ಒಂದಷ್ಟು ಮಾಲು ಸಿಕ್ಕಿದೆ, ಬಂದು ನೋಡಿ ಅಂದರು. ಅಮ್ಮನೂ ಬರುತ್ತೇನೆ ಅಂತ ಹಟ ಹಿಡಿದಳು. ಗಡಿಯಾರ ಅಪ್ಪನದು. ಅಪ್ಪ ಹೋಗಿ ಹನ್ನೊಂದು ವರ್ಷವಾಗಿದ್ದರೂ ವಾರಕ್ಕೊಮ್ಮೆ ಅದಕ್ಕೆ ಕೀಲಿ ಕೊಟ್ಟು ಕಿವಿಗೆ ಹಿಡಿದು ನೋಡುವವಳು ಅವಳೇ.

ಉದ್ದನೆಯ ಮೇಜು. ಒಂದು ಕಡೆ ಎಂಟು ಗಡಿಯಾರ, ಇನ್ನೊಂದು ಕಡೆ ಆರು ಕ್ಯಾಮೆರಾ, ಪಕ್ಕದಲ್ಲಿ ಮೊಬೈಲುಗಳ ರಾಶಿ. ಮೂಲೆಯಲ್ಲಿ ಒಂದರ ಮೇಲೊಂದು ಒರಗಿಸಿಟ್ಟ ಸೈಕಲ್ಲುಗಳು, ಅವುಗಳಲ್ಲಿ ನಮ್ಮದು ಇರಲಿಲ್ಲ. ನನಗೆ ಅಪ್ಪನ ಗಡಿಯಾರ ಅಂದರೆ ಅದರ ಕಂದು ಚರ್ಮದ ಪಟ್ಟಿ, ಮೂರನೇ ತೂತು ಉದ್ದಕ್ಕೆ ಹರಿದಿದ್ದು. ಮೇಜಿನ ಮೇಲಿದ್ದ ಎಂಟರಲ್ಲಿ ಐದಕ್ಕೆ ಪಟ್ಟಿಯೇ ಇರಲಿಲ್ಲ. ಪಟ್ಟಿ ಕಿತ್ತ ಗಡಿಯಾರಗಳು ಒಡೆಯರ ಕೈಯ ಗುರುತು ಕಳೆದುಕೊಂಡು, ಬರೀ ಬಿಳಿ ಮುಖ ಹೊತ್ತು ಸಾಲಾಗಿ ಮಲಗಿದ್ದವು. ನಾನು ಅವುಗಳನ್ನು ಒಂದೊಂದಾಗಿ ನೋಡಿ, ಮತ್ತೆ ಮೊದಲಿನಿಂದ ನೋಡಿ, “ಇದರಲ್ಲಿ ಇಲ್ಲ ಅನ್ಸುತ್ತೆ” ಅಂದುಬಿಟ್ಟೆ.

ಅಮ್ಮ ನನ್ನನ್ನು ಪಕ್ಕಕ್ಕೆ ಸರಿಸಿದಳು. “ಮುಟ್ಟಬಹುದಾ?” ಅಂತ ಕೇಳಿ, ಅವರು ಆಗಲಿ ಅಂದ ಮೇಲೆ, ಕೀಲಿ ಕೊಡುವ ಗಡಿಯಾರಗಳನ್ನು ಮಾತ್ರ ಆರಿಸಿ ಒಂದೊಂದಾಗಿ ಕೈಗೆತ್ತಿಕೊಂಡಳು. ಮುಖವನ್ನು ನೋಡಲೇ ಇಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಆ ಪುಟ್ಟ ಗುಂಡಿಯನ್ನು ಹಿಡಿದು ತಿರುಗಿಸಿ ಇಟ್ಟಳು. ಮೂರನೆಯದನ್ನು ತಿರುಗಿಸಿದವಳು ನಿಂತಳು. “ಇದೇ. ಗುಂಡಿಯ ಹಲ್ಲು ಒಂದು ಕಡೆ ಸವೆದು ನುಣುಪಾಗಿದೆ ನೋಡಿ. ಅರ್ಧ ಸುತ್ತು ಬಂದ ಮೇಲೆ ಬೆರಳು ಜಾರುತ್ತೆ. ಉಗುರಿನಲ್ಲಿ ತಳ್ಳಬೇಕು.” ಅಧಿಕಾರಿ ತಾನೂ ತಿರುಗಿಸಿ ನೋಡಿದರು. ಜಾರಿತು. ಉಳಿದವನ್ನೂ ತಿರುಗಿಸಿದರು, ಯಾವುದೂ ಜಾರಲಿಲ್ಲ. ಅಷ್ಟನ್ನೂ ಅಮ್ಮ ಹೇಳಿದ ಹಾಗೆಯೇ ಬರೆದುಕೊಂಡರು.

ನನ್ನ ಸರದಿ ಕ್ಯಾಮೆರಾದ್ದು. ಆರರಲ್ಲಿ ಎರಡು ಒಂದೇ ಕಂಪನಿಯವು, ಒಂದೇ ಮಾದರಿಯವು, ನಮ್ಮದೂ ಅದೇ ಮಾದರಿ. ಎರಡರಲ್ಲೂ ಮೆಮೊರಿ ಕಾರ್ಡಿಲ್ಲ. ಒಂದರ ಹಿಡಿಕೆಯ ರಬ್ಬರು ಸ್ವಲ್ಪ ಎದ್ದಿತ್ತು. ನಮ್ಮದರ ರಬ್ಬರೂ ಎದ್ದಿತ್ತು, ನನಗೆ ಚೆನ್ನಾಗಿ ನೆನಪಿತ್ತು. ಅದನ್ನೇ ಕೈಗೆತ್ತಿಕೊಂಡು, “ಇದು ನಮ್ಮದು” ಅಂದೆ.

“ನಿಮ್ಮದೇ ಅಂತ ಹೇಗೆ ಹೇಳ್ತೀರಿ?”

ರಬ್ಬರಿನ ವಿಷಯ ಹೇಳಿದೆ. ಹಳೆಯದಾದರೆ ಎಲ್ಲದರ ರಬ್ಬರೂ ಏಳುತ್ತದೆ ಮೇಡಂ, ಡಬ್ಬಿ ಇದ್ದರೆ ನೋಡಿ, ಅದರ ಮೇಲೆ ನಂಬರ್ ಇರುತ್ತದೆ ಅಂದರು. ನನಗೆ ಸಿಟ್ಟೇ ಬಂತು, ನನ್ನ ಕಣ್ಣನ್ನೇ ನಂಬುವುದಿಲ್ಲವಲ್ಲ ಅಂತ. ಮನೆಗೆ ಬಂದು ಅಟ್ಟ ಹತ್ತಿ, ಧೂಳಿನಲ್ಲಿ ಸೀನುತ್ತ ಹುಡುಕಿದಾಗ ಡಬ್ಬಿ ಸಿಕ್ಕಿತು. ಮಾರನೇ ದಿನ ತೆಗೆದುಕೊಂಡು ಹೋದೆ. ಡಬ್ಬಿಯ ಚೀಟಿಯ ನಂಬರು, ಕ್ಯಾಮೆರಾದ ತಳದ ನಂಬರು, ಎರಡನ್ನೂ ಅವರು ಬೆರಳಿಟ್ಟು ಗಟ್ಟಿಯಾಗಿ ಓದಿದರು. ನಾನು ನಮ್ಮದು ಅಂದದ್ದು ನಮ್ಮದಾಗಿರಲಿಲ್ಲ. ಪಕ್ಕದ್ದು ನಮ್ಮದು. ಅದರ ರಬ್ಬರೂ ಒಂದು ಮೂಲೆಯಲ್ಲಿ ಎದ್ದಿತ್ತು, ನಾನು ನೋಡಿರಲಿಲ್ಲ.

ಇನ್ಯಾರದೋ ಸಾಮಾನನ್ನು ಪೂರ್ತಿ ವಿಶ್ವಾಸದಿಂದ ಮನೆಗೆ ತರುವುದರಲ್ಲಿದ್ದೆ. ಸಾಮಾನು ಕಳೆದುಕೊಂಡವಳೇ ಕಳ್ಳತನ ಮಾಡುವುದಕ್ಕೆ ಒಂದು ಡಬ್ಬಿಯಷ್ಟೇ ಅಡ್ಡ ಇತ್ತು. ಆ ಇನ್ನೊಂದು ಕ್ಯಾಮೆರಾವನ್ನು ಕೇಳಿಕೊಂಡು ಯಾರೂ ಬಂದಿಲ್ಲ ಅಂದರು ಅವರು. ಬಂದವರಿಗೂ ನಂಬರು ಗೊತ್ತಿರುವುದಿಲ್ಲವಂತೆ. ಕಳ್ಳರು ಸಿಕ್ಕರೂ, ಮಾಲು ಸಿಕ್ಕರೂ, ಒಡೆಯರು ಸಿಗದೆ ಬಿದ್ದಿರುವ ಸಾಮಾನಿನ ಒಂದು ಕೋಣೆಯೇ ಅಲ್ಲಿತ್ತು. ಬಾಗಿಲು ಅರ್ಧ ತೆರೆದಿತ್ತು. ಹಿಡಿಕೆಗಳು, ಚಕ್ರಗಳು, ವೈರುಗಳು. ಪ್ರತಿಯೊಂದರ ಹಿಂದೆಯೂ ಯಾರೋ ಒಬ್ಬರು ‘ಕಪ್ಪು’ ಅಂದಿದ್ದಿರಬೇಕು.

ಕುಂಬಳಕಾಯಿಯ ಬೂದಿ

ಇದಾದ ಮೇಲೆ ಮನೆಯ ಸಾಮಾನುಗಳ ನಂಬರು, ಗುರುತುಗಳನ್ನೆಲ್ಲ ಒಂದು ಪಟ್ಟಿ ಮಾಡಿಟ್ಟೆ. ಪಟ್ಟಿ ಬರೆದಿಟ್ಟರೆ ಕಳ್ಳತನ ನಿಲ್ಲುತ್ತದೆಯೇ ಅಂತ ಆಗಿನಿಂದ ಸುಮಾರು ಜನ ಕೇಳಿದ್ದಾರೆ. ಕೇಳುವ ದನಿಯಲ್ಲೇ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುತ್ತಿದ್ದಾಳೆ ಅನ್ನುವ ನಗು ಇರುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಡ್ರಾಯರಿನಲ್ಲಿ ಮಡಿಸಿಟ್ಟ ಕಾಗದ ಯಾವ ಬೀಗವನ್ನೂ ಗಟ್ಟಿ ಮಾಡುವುದಿಲ್ಲ. ರಾತ್ರಿ ಎರಡು ಗಂಟೆಗೆ ಕಿಟಕಿಯ ಸರಳಿಗೆ ಕೈ ಹಾಕಿದವನಿಗೆ ಒಳಗಿರುವ ಕ್ಯಾಮೆರಾದ ನಂಬರು ನಾನು ಬರೆದಿಟ್ಟಿದ್ದೇನೆ ಅಂತ ಹೇಗೆ ಗೊತ್ತಾಗಬೇಕು?

ಆದರೆ ನಮ್ಮಲ್ಲೇ ಒಂದು ಗಾದೆ ಇದೆಯಲ್ಲ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇದನ್ನು ನಾವು ಯಾವಾಗಲೂ ಕಳ್ಳನ ಅಳುಕಿನ ಗಾದೆ ಅಂತಲೇ ಬಳಸುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದೆ. ಆ ಡಬ್ಬಿ ಹಿಡಿದು ಮನೆಗೆ ಬರುವಾಗ ಹೊಳೆಯಿತು, ಅವನು ಹೆಗಲನ್ನೇ ಯಾಕೆ ಮುಟ್ಟಿಕೊಂಡ? ಬೂದುಗುಂಬಳದ ಮೈಮೇಲೆ ಬಿಳಿ ಬೂದಿ ಇರುತ್ತದೆ, ಹೊತ್ತವನ ಹೆಗಲಿಗೆ ಅದು ಮೆತ್ತುತ್ತದೆ. ಕಾಯಿ ತನ್ನ ಗುರುತನ್ನು ತಾನೇ ಹೊತ್ತುಕೊಂಡು ಹೋಗಿದೆ. ಗಾದೆ ಮಾಡಿದವರು ಅಳುಕಿನ ಜೊತೆಗೆ ಗುರುತಿನ ಮಾತನ್ನೂ ಆಡಿದ್ದಾರೆ. ಅದಕ್ಕಿಂತ ಮುಖ್ಯವಾಗಿ, ಕುಂಬಳಕ್ಕೆ ಬೂದಿ ಇರುತ್ತದೆ ಅನ್ನುವುದು ಊರಿಗೆಲ್ಲ ಗೊತ್ತು, ಕಳ್ಳನಿಗೂ ಗೊತ್ತು. ಗೊತ್ತಿಲ್ಲದಿದ್ದರೆ ಅವನ ಕೈ ಹೆಗಲಿಗೆ ಹೋಗುತ್ತಲೇ ಇರಲಿಲ್ಲ.

ಇದೇ ಲೆಕ್ಕಾಚಾರದ ಮೇಲೆ 1963ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮಾಂಟೆರೆ ಪಾರ್ಕ್ ಅನ್ನುವ ಊರಿನಲ್ಲಿ ಒಂದು ಯೋಜನೆ ಶುರುವಾಯಿತು. ಹೆಸರು ‘ಆಪರೇಷನ್ ಐಡೆಂಟಿಫಿಕೇಷನ್’. ಸಾಮಾನಿನ ಮೇಲೆ ಒಡೆಯರ ಗುರುತಿನ ನಂಬರು ಕೊರೆಯುವುದು, ಬಾಗಿಲಿಗೋ ಕಿಟಕಿಗೋ ‘ಈ ಮನೆಯ ಸಾಮಾನಿಗೆ ಗುರುತು ಹಾಕಿದೆ’ ಅನ್ನುವ ಚೀಟಿ ಅಂಟಿಸುವುದು. ಅಮೆರಿಕದಲ್ಲಿ ಡ್ರೈವಿಂಗ್ ಲೈಸೆನ್ಸ್ ನಂಬರು ಕೊರೆಯುವ ರೂಢಿ ಬಂತು, ಬ್ರಿಟನ್ನಿನಲ್ಲಿ ಪೋಸ್ಟ್‌ಕೋಡ್ ಜೊತೆಗೆ ಮನೆ ನಂಬರು ಬರೆಯುವ ರೂಢಿ. ಊರೂರಿಗೆ ಹರಡಿದರೂ, ಇದರಿಂದ ನಿಜವಾಗಿ ಕಳವು ಕಡಿಮೆಯಾಯಿತೇ ಅನ್ನುವ ಜಗಳ ಬಹಳ ವರ್ಷ ನಡೆಯಿತು. ಗ್ಲೋರಿಯಾ ಲೇಕಾಕ್ ಅನ್ನುವ ಸಂಶೋಧಕಿ ಬ್ರಿಟನ್ನಿನ ಸೌತ್ ವೇಲ್ಸ್‌ನ ಕಣಿವೆಯ ಊರುಗಳಲ್ಲಿ ಇದನ್ನು ಪರೀಕ್ಷೆ ಮಾಡಿ 1985ರಲ್ಲಿ ವರದಿ ಬರೆದರು. ಗುರುತು ಹಾಕಿ ಚೀಟಿ ಅಂಟಿಸಿದ ಮನೆಗಳಲ್ಲಿ ಮೊದಲ ವರ್ಷ ಕಳವು ಶೇಕಡಾ 40ರಷ್ಟು ಇಳಿದಿತ್ತು. ಇಷ್ಟಕ್ಕೇ ನಿಂತಿದ್ದರೆ ಗುರುತು ಹಾಕುವ ಪೆನ್ನು ಮಾರುವವರಿಗೆ ಹಬ್ಬ. ಅವರು ನಿಲ್ಲಲಿಲ್ಲ. ಅದೇ ಅಂಕಿಗಳನ್ನು ಮತ್ತೆ ಜಾಲಾಡಿ 1991ರಲ್ಲಿ ಬರೆದ ಲೇಖನದಲ್ಲಿ, ಕೆಲಸ ಮಾಡಿದ್ದು ಗುರುತಿಗಿಂತ ಹೆಚ್ಚಾಗಿ ಅದರ ಪ್ರಚಾರ ಅಂದರು. ಮನೆಮನೆಗೆ ಹೋಗಿ ಹೇಳಿದಾಗ ಕಳವು ಇಳಿಯಿತು. ಆಮೇಲೆ ಯೋಜನೆಯ ಫಲಿತಾಂಶ ಸುದ್ದಿಯಾಗಿ ಊರಲ್ಲೆಲ್ಲ ಮಾತಾದಾಗ, ಹೊಸದಾಗಿ ಏನೂ ಮಾಡದೆ, ಇನ್ನಷ್ಟು ಇಳಿಯಿತು. ಆ ಕಣಿವೆಗಳಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಸುದ್ದಿ ಕಳ್ಳನ ಕಿವಿಗೂ ಬೀಳುತ್ತದೆ.

ಬೂದಿಗಿಂತ ಬೂದಿಯ ಸುದ್ದಿ ದೊಡ್ಡದು ಅಂತಾಯಿತು. ಇದು ನನಗೆ ಸಮಾಧಾನ ಕೊಟ್ಟಿತೋ ಇರಿಸುಮುರಿಸು ಮಾಡಿತೋ ಹೇಳಲಾರೆ. ಯಾಕೆಂದರೆ ಚೀಟಿ ಅಂಟಿಸಿ ಗುರುತು ಹಾಕದೆ ಇದ್ದರೂ ಸ್ವಲ್ಪ ಕಾಲ ನಡೆಯುತ್ತದೆ ಅಂತಲೂ ಅದರ ಅರ್ಥ. ಆದರೆ ಎಷ್ಟು ಕಾಲ? ಕಳ್ಳ ತಾನು ಕದ್ದ ಕ್ಯಾಮೆರಾದಲ್ಲಿ ಫೋಟೊ ತೆಗೆಯಲು ಹೋಗುವುದಿಲ್ಲ, ಮಾರುತ್ತಾನೆ. ಕೊಳ್ಳುವವನು ಕಣ್ಣು ಮುಚ್ಚಿಕೊಂಡು ಕೊಳ್ಳುವವನೇ ಆದರೂ, ನಾಳೆ ತನ್ನ ಅಂಗಡಿಗೆ ನಂಬರು ಹಿಡಿದು ಯಾರಾದರೂ ಬಂದರೆ ಅನ್ನುವ ಹೆದರಿಕೆ ಅವನಿಗೂ ಇರಬೇಕು. ಇದ್ದರೆ ಬೆಲೆ ಇಳಿಸುತ್ತಾನೆ, ಇಲ್ಲವೇ ಬೇಡ ಅನ್ನುತ್ತಾನೆ. ಆ ಹೆದರಿಕೆ ಹುಟ್ಟುವುದು ನಂಬರು ಹಿಡಿದು ನಿಜವಾಗಿಯೂ ಹೋಗುವವರು ಇದ್ದಾಗ. ನಾವೆಲ್ಲ ‘ಕಪ್ಪು’ ಅನ್ನುತ್ತಲೇ ಇದ್ದರೆ ಅವನಿಗೆ ಯಾವ ಅಳುಕು? ನಾನು ಹೆಗಲು ನೋಡಿ ಬಯ್ಯುವುದಕ್ಕೆ ಬರಬೇಕು, ಆಗ ತಾನೇ ಅವನು ಹೆಗಲು ಮುಟ್ಟಿಕೊಳ್ಳುವುದು.

ಕಳವಾದ ಮನೆಗೆ ಸ್ವಲ್ಪ ದಿನದಲ್ಲೇ ಮತ್ತೆ ಕಳವಾಗುವ ಸಂಭವ ಜಾಸ್ತಿ ಅನ್ನುವುದು ಪೊಲೀಸರಿಗೂ ಸಂಶೋಧಕರಿಗೂ ಚೆನ್ನಾಗಿ ಗೊತ್ತಿರುವ ಸಂಗತಿ. ಮನೆಯ ದಾರಿ ಅವನಿಗೆ ಪರಿಚಯವಾಗಿರುತ್ತದೆ, ಹೋದ ಸಾಮಾನಿನ ಜಾಗಕ್ಕೆ ಹೊಸದು ಬಂದಿರುತ್ತದೆ. ಹಾಗಾಗಿ ದಿಡ್ಡಿ ಬಾಗಿಲಿನ ಗಾದೆ ಹೇಳಿ ನಗುವವರಿಗೆ ನಾನು ಹೇಳುವುದು ಇಷ್ಟೇ, ಸೂರೆ ಹೋದ ಕೋಟೆಗೇ ಬಾಗಿಲು ಬೇಗ ಬೇಕು.

ಒಂದು ಭಾನುವಾರ, ಟಾರ್ಚು ಹಿಡಿದು

ಪಟ್ಟಿ ಮಾಡಲು ಕೂತ ಭಾನುವಾರ ಬೆಳಿಗ್ಗೆ ನಾನು ಅಂದುಕೊಂಡದ್ದು ಒಂದು ಗಂಟೆಯ ಕೆಲಸ ಅಂತ. ಹಿಡಿದದ್ದು ಎರಡು ಭಾನುವಾರ. ಮೊದಲು ಮೊಬೈಲಿನಲ್ಲಿ ವೀಡಿಯೊ ಮಾಡುತ್ತ ಕೋಣೆಯಿಂದ ಕೋಣೆಗೆ ನಡೆದೆ, ಬೀರು ತೆಗೆದೆ, ಡ್ರಾಯರು ಎಳೆದೆ, ಇದ್ದದ್ದನ್ನು ಇದ್ದ ಹಾಗೆ ಬಾಯಲ್ಲಿ ಹೇಳುತ್ತ ಹೋದೆ. ಇಷ್ಟಕ್ಕೆ ಹತ್ತು ನಿಮಿಷ. ಬೇರೇನೂ ಮಾಡಲು ಪುರುಸೊತ್ತಿಲ್ಲದವರು ಇದೊಂದನ್ನಾದರೂ ಮಾಡಿ, ಏನು ಹೋಯಿತು ಅನ್ನುವುದಾದರೂ ಗೊತ್ತಾಗುತ್ತದೆ. ನಮ್ಮಲ್ಲಿ ಕಳವಾದಾಗ ಒಂದು ವಾರದವರೆಗೂ ರಾತ್ರಿ ಮಲಗಿದವರು ಥಟ್ಟನೆ ಎದ್ದು ಕೂತು ‘ಅದೂ ಇಲ್ಲ ಅಲ್ವಾ’ ಅನ್ನುತ್ತಿದ್ದೆವು.

ನಂಬರುಗಳ ಬೇಟೆ ಆಮೇಲಿನದು. ಕಂಪನಿಯವರು ನಂಬರನ್ನು ಮನುಷ್ಯರ ಕಣ್ಣಿಗೆ ಬೀಳಬಾರದು ಅಂತಲೇ ಬರೆಯುತ್ತಾರೇನೋ. ಲ್ಯಾಪ್‌ಟಾಪಿನದು ಹೊಟ್ಟೆಯಡಿ, ಬೂದು ಬಣ್ಣದ ಮೇಲೆ ಬೂದು ಬಣ್ಣದಲ್ಲಿ. ಗೋಡೆಗೆ ಹಾಕಿದ ಟಿವಿಯದು ಬೆನ್ನಿಗೆ, ಗೋಡೆಗೂ ಟಿವಿಗೂ ನಡುವೆ ಬೆರಳು ಮಾತ್ರ ಹೋಗುವ ಸಂದಿಯಲ್ಲಿ. ಮೊಬೈಲನ್ನು ಆ ಸಂದಿಗೆ ತೂರಿಸಿ ಕುರುಡಾಗಿ ಹದಿನೈದು ಫೋಟೊ ತೆಗೆದರೆ ಒಂದರಲ್ಲಿ ಅಕ್ಷರ ಕಂಡಿತು. ಹೊಸ ಸೈಕಲ್ಲಿನದು ಚೌಕಟ್ಟಿನ ತಳದಲ್ಲಿ, ಪೆಡಲಿನ ಅಚ್ಚು ಹಾದುಹೋಗುವ ಕೊಳವೆಯ ಕೆಳಗೆ, ಒಣಗಿದ ಕೆಸರಿನ ಅಡಿ. ಸೈಕಲ್ಲನ್ನು ತಲೆಕೆಳಗು ಮಾಡಿ ಒದ್ದೆ ಬಟ್ಟೆಯಲ್ಲಿ ಉಜ್ಜಿದಾಗ ಉಕ್ಕಿಗೆ ಗುದ್ದಿದ ಅಂಕಿಗಳು ಒಂದೊಂದಾಗಿ ಮೇಲೆದ್ದವು. ಹೀಗೆ ಗುದ್ದಿದ ನಂಬರಿನ ಅಡಿಯ ಲೋಹ ಒತ್ತಿಹೋಗಿರುತ್ತದೆ. ಮೇಲಿನದನ್ನು ಅರದಿಂದ ಉಜ್ಜಿ ಅಳಿಸಿದರೂ ಪ್ರಯೋಗಾಲಯದಲ್ಲಿ ಆಮ್ಲ ಹಚ್ಚಿ ಎಷ್ಟೋ ಸಲ ಅದನ್ನು ಮತ್ತೆ ಓದುತ್ತಾರೆ. ಅದು ಗೊತ್ತಾದ ಮೇಲೆ ಆ ಅಂಕಿಗಳ ಮೇಲೆ ನನಗೆ ಒಂಥರಾ ಗೌರವ.

ಎಡವುವ ಜಾಗಗಳೂ ಇವೆ. ಮೊದಲ ದಿನ ಬರೆದ ಎಂಟರಲ್ಲಿ ಮೂರು ಸೀರಿಯಲ್ ನಂಬರೇ ಆಗಿರಲಿಲ್ಲ, ಮಾಡೆಲ್ ನಂಬರು. ಮಾಡೆಲ್ ನಂಬರು ಲಕ್ಷ ಸಾಮಾನಿಗೂ ಒಂದೇ, ಅದನ್ನು ಹೇಳಿದರೆ ಮತ್ತೆ ‘ಕಪ್ಪು’ ಅಂದ ಹಾಗೆಯೇ. ‘ಎಸ್ ಎನ್’ ಅಂತಿರುವುದನ್ನು ಹುಡುಕಬೇಕು. ಸೊನ್ನೆಗೂ ‘ಓ’ ಅಕ್ಷರಕ್ಕೂ, ಒಂದಕ್ಕೂ ‘ಐ’ ಅಕ್ಷರಕ್ಕೂ ಗೊಂದಲವಾಗುತ್ತದೆ. ಅದಕ್ಕೇ ಬರೆದುಕೊಂಡರೆ ಸಾಲದು, ಫೋಟೊ ಬೇಕು. ಮೊಬೈಲಿನದು ಸುಲಭ, ಕರೆ ಮಾಡುವ ಜಾಗದಲ್ಲಿ ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿದರೆ ಆ ಫೋನಿನದೇ ಆದ 15 ಅಂಕಿಯ ಗುರುತಿನ ನಂಬರು, ಐಎಂಇಐ, ಬರುತ್ತದೆ, ಎರಡು ಸಿಮ್ಮಿನ ಫೋನಾದರೆ ಎರಡು ಬರುತ್ತವೆ. ಕೊನೆಯ ಅಂಕಿ ಹಿಂದಿನ 14ರಿಂದ ಲೆಕ್ಕ ಹಾಕಿ ಬಂದದ್ದು, ಬರೆಯುವಾಗ ಒಂದಂಕಿ ತಪ್ಪಿದರೆ ಲೆಕ್ಕ ಕೂಡುವುದಿಲ್ಲ. ಎಷ್ಟು ಜಾಣ ಏರ್ಪಾಡು! ಒಂದೇ ತೊಂದರೆ, ಫೋನು ಕೈಲಿರುವಾಗಲೇ ಇದನ್ನು ಮಾಡಬೇಕು.

ನಂಬರಿಲ್ಲದ್ದು ಏನು ಮಾಡುವುದು? ಮನೆಯಲ್ಲಿ ಮನಸ್ಸಿಗೆ ಹತ್ತಿರವಾದವಕ್ಕೆಲ್ಲ ನಂಬರೇ ಇರುವುದಿಲ್ಲ. ಒಡವೆಗೆ, ಹಳೆಯ ಚಿತ್ರಕ್ಕೆ, ಅಜ್ಜಿಯ ಕಾಲದ ಪೆಟ್ಟಿಗೆಗೆ ನಂಬರು ಕೊರೆಯುವುದು ಅಂದರೆ ಅವುಗಳ ಮುಖಕ್ಕೆ ಬರೆ ಹಾಕಿದ ಹಾಗೆ, ಹಳೆಯ ವಸ್ತುಗಳ ಬೆಲೆಯೂ ಅದರಿಂದ ಬೀಳುತ್ತದೆ. ಅತಿನೇರಳೆ ಬೆಳಕಿನಲ್ಲಿ ಮಾತ್ರ ಕಾಣುವ ಶಾಯಿಯ ಪೆನ್ನುಗಳಿವೆ, ಆದರೆ ಬಿಸಿಲು ಬೀಳುವ ಜಾಗದಲ್ಲಿ ಅದು ಮಾಸುತ್ತದೆ, ಆಗಾಗ ಹೊಸದಾಗಿ ಬರೆಯಬೇಕು. ಈ ತೊಡಕು ಮ್ಯೂಸಿಯಂಗಳಿಗೆ ನಮಗಿಂತ ಮೊದಲೇ ಎದುರಾಗಿದೆ. ಕದ್ದ ಕಲಾಕೃತಿ ದೇಶ ದಾಟಿದಾಗ ಅದನ್ನು ಎಲ್ಲರಿಗೂ ಅರ್ಥವಾಗುವ ಹಾಗೆ ವರ್ಣಿಸುವುದು ಹೇಗೆ ಅಂತ ಯೋಚಿಸಿ ‘ಆಬ್ಜೆಕ್ಟ್ ಐಡಿ’ ಅನ್ನುವ ಒಂದು ಕ್ರಮವನ್ನು 1997ರಲ್ಲಿ ಜಾರಿಗೆ ತಂದರು, ಅದರ ಹಿಂದೆ ಅಮೆರಿಕದ ಗೆಟ್ಟಿ ಅನ್ನುವ ಕಲಾಸಂಸ್ಥೆಯ ಕೆಲಸವಿತ್ತು. ಫೋಟೊ ತೆಗೆಯಿರಿ, ಏನು ವಸ್ತು, ಯಾವುದರಿಂದ ಮಾಡಿದ್ದು, ಅಳತೆ ಎಷ್ಟು, ಬರಹವೋ ಮುದ್ರೆಯೋ ಇದೆಯಾ ಅಂತ ಕೇಳುತ್ತ ಬಂದು ಅದು ಇನ್ನೊಂದು ಪ್ರಶ್ನೆ ಕೇಳುತ್ತದೆ: ಇದನ್ನು ಇದರಂಥ ಬೇರೆಯದರಿಂದ ಬೇರೆ ಮಾಡುವ ಗುರುತೇನು, ಒಡಕು, ರಿಪೇರಿ, ತಯಾರಿಕೆಯ ದೋಷ ಏನಾದರೂ?

ಓದಿ ಅಮ್ಮನ ಬೆರಳು ನೆನಪಾಯಿತು. ದೊಡ್ಡ ದೊಡ್ಡ ಸಂಸ್ಥೆಗಳು ಕೂತು ಚರ್ಚಿಸಿ ಕಂಡುಕೊಂಡದ್ದನ್ನು ಅವಳು ಮೇಜಿನ ಮುಂದೆ ನಿಂತು ಅರ್ಧ ನಿಮಿಷದಲ್ಲಿ ಮಾಡಿದ್ದಳು. ವಸ್ತು ಹೊಸದಾಗಿದ್ದಾಗ ಕಾರ್ಖಾನೆಯದು, ಕೆಟ್ಟ ಮೇಲೆ ನಮ್ಮದು. ಗೀರು, ಬಿರುಕು, ಸವೆತ, ಬೆಸುಗೆ ಇವೇ ಅದರ ಮೇಲೆ ನಾವು ಹಾಕಿದ ಸಹಿ. ಅಲ್ಲಿಂದ ಮುಂದೆ ನಾನು ಚೆಂದ ಕಾಣಲಿ ಅಂತ ಫೋಟೊ ತೆಗೆಯುವುದನ್ನು ಬಿಟ್ಟೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಊನ ಎಲ್ಲಿದೆಯೋ ಅಲ್ಲಿಗೇ ಹತ್ತಿರದಿಂದ ಒಂದು, ಹಿಂದಿನಿಂದ ಒಂದು. ಪೆಟ್ಟಿಗೆಯ ಬಲಗಡೆಯ ತಿರುಪು ಮೂಲದ್ದಲ್ಲ, ಹಿತ್ತಾಳೆಯ ಜಾಗದಲ್ಲಿ ಕಬ್ಬಿಣದ್ದು. ಇಪ್ಪತ್ತು ವರ್ಷ ನೋಡಿದ ಪೆಟ್ಟಿಗೆ, ಇದನ್ನು ಆ ಭಾನುವಾರ ನೋಡಿದೆ.

ಕಳ್ಳನಿಗೆ ಇದಕ್ಕಿಂತ ಒಳ್ಳೆಯ ನಕ್ಷೆ ಬೇಕೇ

ಪಟ್ಟಿ ಮುಗಿದ ರಾತ್ರಿ ಇವರು ಅದನ್ನು ಓದಿ, “ಇದು ಅವನ ಕೈಗೆ ಸಿಕ್ಕಿದ್ರೆ ಪಾಪ ಹುಡುಕೋ ಕಷ್ಟನೂ ಇರಲ್ಲ” ಅಂದರು. ನಿಜ. ಯಾವ ಬೀರು, ಯಾವ ಅರೆ, ಏನೇನು, ಎಲ್ಲ ನಾನೇ ಬರೆದಿದ್ದೆ. ಆಮೇಲೆ ಎಲ್ಲಿದೆ ಅನ್ನುವ ಅಂಕಣವನ್ನೇ ಕಿತ್ತುಹಾಕಿದೆ. ಎಲ್ಲಿದೆ ಅನ್ನುವುದು ಮನೆಯವರಿಗೆ ಗೊತ್ತಿದ್ದರೆ ಸಾಕು. ಮೊಬೈಲಿನ ಫೋಟೊದಲ್ಲಿ ತೆಗೆದ ಜಾಗ, ಹೊತ್ತು ಎರಡೂ ಸೇರಿಕೊಂಡಿರಬಹುದು, ಅದನ್ನು ಯಾವುದೋ ಗುಂಪಿಗೆ ಕಳಿಸಿದರೆ ಮನೆಯ ವಿಳಾಸವನ್ನೂ ಕಳಿಸಿದ ಹಾಗಾದೀತು. ಪಟ್ಟಿಯ ಒಂದು ಪ್ರತಿ ಪಾಸ್‌ವರ್ಡ್ ಹಾಕಿ ಇಂಟರ್‌ನೆಟ್ಟಿನ ಖಾತೆಯಲ್ಲಿ ಇದೆ. ಇನ್ನೊಂದು ಪ್ರಿಂಟು ಮಾಡಿಸಿ ಅಕ್ಕನ ಮನೆಯಲ್ಲಿ ಇಟ್ಟಿದ್ದೇವೆ, ಅವಳ ಪಟ್ಟಿ ನಮ್ಮ ಮನೆಯಲ್ಲಿ. ಇಬ್ಬರಿಗೂ ಇನ್ನೊಬ್ಬರ ಲಕೋಟೆ ಬಿಚ್ಚುವ ಆಸೆ ಎಷ್ಟು ಅಂದರೆ, ಅಂಟಿಸಿದ ಜಾಗದಲ್ಲಿ ಸಹಿ ಹಾಕಿ ಕೊಟ್ಟಿದ್ದೇವೆ.

ಉಂಗುರದ ವಿಷಯ ಹೇಳದೆ ಮುಗಿಸಿದರೆ ಮೋಸವಾಗುತ್ತದೆ. ದೂರಿನಲ್ಲಿ ‘ಉಂಗುರ ಒಂದು’ ಅಂತ ಬರೆಸಿದ್ದೆನಲ್ಲ. ಕಳವಾಗುವ ಹದಿನೈದು ದಿನ ಮುಂಚೆ ಕಿಟಕಿ ರಿಪೇರಿಗೆ ಅಂತ ಒಬ್ಬರು ಬಂದುಹೋಗಿದ್ದರು. ಉಂಗುರ ಬಿಚ್ಚಿ ಮೇಜಿನ ಮೇಲಿಟ್ಟದ್ದನ್ನು ಅವರು ನೋಡಿದ್ದರು ಅನ್ನುವುದು ನನ್ನ ನೆನಪು. ಅವರ ಹೆಸರನ್ನು ನಾನು ಠಾಣೆಯಲ್ಲಿ ಹೇಳಲಿಲ್ಲ. ಆದರೆ ಮನೆಯಲ್ಲಿ ಹೇಳಿದೆ, ಅಕ್ಕನಿಗೆ ಹೇಳಿದೆ, ಪಕ್ಕದ ಮನೆಯವರು ಕೇಳಿದಾಗ ‘ಯಾರನ್ನ ಅಂತ ಹೇಳೋದು’ ಅಂತ, ಹೆಸರು ಹೇಳದೆಯೇ ಹೇಳಿದೆ. ಪಟ್ಟಿಗೆ ಫೋಟೊ ಬೇಕು ಅಂತ ಎರಡನೇ ಭಾನುವಾರ ಪ್ರವಾಸದ ಹಳೆಯ ಚೀಲವನ್ನು ಝಾಡಿಸಿದಾಗ ಒಳಜೇಬಿನಿಂದ ಉಂಗುರ ಟಣ್ಣನೆ ನೆಲಕ್ಕೆ ಬಿತ್ತು. ಕಾಗದದಲ್ಲಿ ಸುತ್ತಿ ನಾನೇ ಇಟ್ಟದ್ದು. ನಾನೇ ಮಡಿಸಿದ ಕಾಗದ.

ಠಾಣೆಗೆ ಹೋಗಿ ಹೇಳಿದೆ, ಅವರು ಬರೆದುಕೊಂಡರು, ಇಂಥದ್ದು ಆಗುತ್ತಿರುತ್ತದೆ ಅಂದರು. ಪಕ್ಕದ ಮನೆಗೆ ಹೋಗಿ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಕಿಟಕಿಯವರಿಗೆ ಏನಂತ ಹೇಳುವುದು? ಅವರ ಮೇಲೆ ಅನುಮಾನ ಪಟ್ಟಿದ್ದೇ ಅವರಿಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತ ನಾನು ಅಂದುಕೊಂಡಿದ್ದೇನೆ. ಮುಂದಿನ ಸಲ ಕೆಲಸಕ್ಕೆ ಕರೆದಾಗ ಅವರು, ಪುರುಸೊತ್ತಿಲ್ಲ ಅಕ್ಕ, ಅಂದರು. ಪುರುಸೊತ್ತು ನಿಜವಾಗಿಯೂ ಇರಲಿಲ್ಲವೇನೋ.

ಕಾಗದಪತ್ರದ ವ್ಯವಹಾರವೆಲ್ಲ ಮುಗಿದು ಗಡಿಯಾರ ಮನೆಗೆ ಬಂದ ದಿನ ಅಮ್ಮನನ್ನು ಕೂರಿಸಿಕೊಂಡು ಪಟ್ಟಿಯಲ್ಲಿ ಅದಕ್ಕೊಂದು ಸಾಲು ಬರೆದೆ. ಹಿಂದಿನ ಮುಚ್ಚಳದ ನಂಬರು ಉಜ್ಜಿ ಉಜ್ಜಿ ಪೂರ್ತಿ ಮಾಸಿದೆ, ಓದಲಾಗುವುದಿಲ್ಲ. ಕೀಲಿಯ ಗುಂಡಿ ಒಂದು ಕಡೆ ಸವೆದಿದೆ ಅಂತ ಬರೆದೆ. ಒಂಬತ್ತರ ಅಂಕಿಯ ಪಕ್ಕ ಕೂದಲೆಳೆಯಷ್ಟು ಗೀರು. ಕೈಗೆ ಕಟ್ಟುವ ಪಟ್ಟಿ ಹೊಸದು. ಇನ್ನೇನಾದರೂ ಇದೆಯಾ ಅಂತ ಕೇಳಿದೆ.

“ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುತ್ತೆ, ಅದನ್ನೂ ಬರಿ” ಅಂದಳು. “ರಿಪೇರಿ ಮಾಡಿಸೋಣ್ವಾ?” ಅಂದೆ.

“ಬೇಡ. ಆಮೇಲೆ ನಮ್ಮದು ಅಂತ ಹೇಗೆ ಹೇಳೋದು?”